ಇಂಚು, ಸೆಂಟು

ಮ್ಯಾಗಜೀನ್‌ಗೆ ಏನಾದ್ರೂ ಬರೆದುಕೊಡಿ ಅಂದಾಗ ನನಗೆ ಮೊದಲು ನೆನಪಾಗಿದ್ದು ಪಾಠವೂ ಅಲ್ಲ, ಗೆಳತಿಯರೂ ಅಲ್ಲ, ನಮ್ಮ ಕಾಲೇಜಿನ ಸೈನ್ಸ್ ಬ್ಲಾಕ್ ಹಿಂದೆ ಇದ್ದ ಮಳೆಮಾಪಕ. ಅಂಥದ್ದೊಂದು ಅಲ್ಲಿತ್ತು ಅಂತ ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತೋ!

ಕೊಡಗಿನ ತೋಟದ ಮನೆಗಳಲ್ಲಿ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲಿ. ಇಂಚಿಗೆ ನೂರು ಸೆಂಟು. ಬೆಳಿಗ್ಗೆ ನೆಂಟರು ಫೋನ್ ಮಾಡಿದರೆ ತಿಂಡಿ ಆಯ್ತಾ ಅನ್ನೋಕೆ ಮೊದಲೇ "ನಿಮ್ಮಲ್ಲಿ ಎಷ್ಟು?" ಅಂತಾರೆ. ಮಕ್ಕಂದೂರಿನ ನಮ್ಮ ಮನೆಯಲ್ಲಿ ಅಜ್ಜ ಶುರು ಮಾಡಿದ್ದ, ಅಪ್ಪ ಮುಂದುವರಿಸಿದ್ದ ಮಳೆ ಪುಸ್ತಕಗಳು ಒಂದು ಪೆಟ್ಟಿಗೆ ತುಂಬ ಇದ್ದವು. ಯಾವ ವರ್ಷ ಹೂಮಳೆ, ಅಂದ್ರೆ ಕಾಫಿ ಹೂ ಅರಳಿಸುವ ಮಳೆ, ಯಾವ ದಿನ ಬಿತ್ತು ಅಂತ ಕೇಳಿದರೆ ಅಪ್ಪ ಒಂದು ನಿಮಿಷದಲ್ಲಿ ಹುಡುಕಿ ಹೇಳುತ್ತಿದ್ದರು.

ನಾನು ಪಿಯುಸಿಗೆ ಮಡಿಕೇರಿಗೆ ಬಂದಿದ್ದು 2018ರ ಜೂನ್‌ನಲ್ಲಿ. ಆಗಸ್ಟ್ ಮಧ್ಯದಲ್ಲಿ ಗುಡ್ಡ ಜಾರಿತು. ಹಿಂದಿನ ಸಂಜೆಯೇ ಅಜ್ಜಿಯನ್ನು ಹೊತ್ತುಕೊಂಡು ಹೊರಟಿದ್ದರಿಂದ ಎಲ್ಲರ ಜೀವ ಉಳಿಯಿತು. ಮನೆ, ಕೊಟ್ಟಿಗೆ, ಮೂರು ಎಕರೆ ರೋಬಸ್ಟಾ ಕಾಫಿ, ಆ ಪೆಟ್ಟಿಗೆ ಎಲ್ಲಾ ಹೋಯಿತು. ಪರಿಹಾರ ಕೇಂದ್ರಕ್ಕೆ ಬಂದವರೆಲ್ಲ "ಕಷ್ಟ ಮನುಷ್ಯನನ್ನು ಗಟ್ಟಿ ಮಾಡುತ್ತೆ" ಅಂದು ಹೋಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಕೊಚ್ಚಿಹೋದ ಮೇಲ್ಮಣ್ಣು ಗಟ್ಟಿಯಾಗಿ ವಾಪಸ್ ಬರುತ್ತಾ? ಅಪ್ಪ ಬೇರೆಯವರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸಕ್ಕೆ ಸೇರಿದರು, ಕೆಲಸಗಾರರ ಸಾಲುಮನೆಯಲ್ಲಿ, ಅಂದ್ರೆ ಲೈನ್ ಮನೆಯಲ್ಲಿ ವಾಸ. ಮಾತು ಜಾಸ್ತಿ ಇಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ ಗುಡುಗಿತು, ಶೀಟಿನ ಮೇಲೆ ಮಳೆ ಬಡಿಯಿತು, ನಾನು ಕ್ಲಾಸಿನಿಂದ ಎದ್ದು ಓಡಿದೆ. ಕೆಲವರು ನಕ್ಕರು. ಭೂಗೋಳದ ಮೇಡಂ ಕಾರಿಡಾರಿಗೆ ಬಂದು ಪಕ್ಕದಲ್ಲಿ ನಿಂತರು, ಸಮಾಧಾನ ಅಂತ ಒಂದು ಮಾತೂ ಆಡಲಿಲ್ಲ. ಮಳೆ ನಿಂತ ಮೇಲೆ, "ನಾಳೆ ಎಂಟೂವರೆಗೆ ಬಾ, ಇದನ್ನ ಅಳೀಬೇಕು" ಅಂದರು.

ಮೊದಲ ದಿನ ಕೈ ನಡುಗಿ ಅರ್ಧ ನೀರು ಚೆಲ್ಲಿದೆ. ಆಮೇಲೆ ರೂಢಿಯಾಯಿತು. ಆಲಿಕೆ ತೆಗೆದು, ಒಳಗಿನ ಬಾಟಲಿ ಎತ್ತಿ, ಗೀಟು ಹಾಕಿದ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿಯಬೇಕು. ಅಂಚಿನಲ್ಲಿ ನೀರು ಸ್ವಲ್ಪ ಮೇಲೇರಿರುತ್ತೆ, ಅದನ್ನಲ್ಲ, ನಡುವಿನ ತಗ್ಗನ್ನು ಓದಬೇಕು. ನಮ್ಮ ಮನೆ ನುಂಗಿದ್ದು ಇಷ್ಟೇ ಇಷ್ಟು ನೀರಾಗಿ, ತಿಳಿಯಾಗಿ, ಗ್ಲಾಸಿನಲ್ಲಿ ಕೂತಿರುತ್ತಿತ್ತು. ಮೇಡಂಗೆ ಮಿಲಿಮೀಟರ್ ಬೇಕು. ನಾನು 25.4ರಿಂದ ಭಾಗಿಸಿ ಪಕ್ಕದಲ್ಲಿ ಇಂಚನ್ನೂ ಬರೆಯುತ್ತಿದ್ದೆ, ಸುಮ್ನೆ.

ಒಂದು ಶನಿವಾರ ಆ ಹಾಳೆಯನ್ನು ಲೈನ್ ಮನೆಗೆ ತೆಗೆದುಕೊಂಡು ಹೋದೆ. ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "38 ಮಿಲಿಮೀಟರ್ ಅಂದ್ರೆ ಒಂದೂವರೆ ಇಂಚು. ನೀನು ಒಂದು ಇಂಚು ಐದು ಸೆಂಟು ಅಂತ ಬರ್ದಿದ್ದೀಯ" ಅಂದರು. ಬೈದಿದ್ದು ನಿಜ, ಆದರೆ ಎರಡು ತಿಂಗಳ ಮೇಲೆ ಅವರು ನನ್ನ ಜೊತೆ ಆಡಿದ ಉದ್ದದ ಮಾತು ಅದೇ. ಮುಂದಿನ ವಾರ ಹೋದಾಗ ಅಂಗಳದಲ್ಲಿ ಹೊಸ ಮಳೆಮಾಪಕ ನಿಂತಿತ್ತು.

ಮರುವರ್ಷ ಆಗಸ್ಟಿನಲ್ಲಿ ಕೊಡಗಿನದೇ ತೋರ ಗ್ರಾಮದ ಕಡೆ ಗುಡ್ಡ ಜಾರಿದ ಸುದ್ದಿ ಬಂದ ರಾತ್ರಿ ನಿದ್ದೆ ಬರಲಿಲ್ಲ. ಭಯ ಹೋಯಿತು ಅಂತ ಸುಳ್ಳು ಹೇಳಲ್ಲ, ಈಗಲೂ ಇದೆ. ಬೆಳಿಗ್ಗೆ ಎಂಟೂವರೆಗೆ ಮಾತ್ರ ಛತ್ರಿ ಹಿಡಿದು ಸೈನ್ಸ್ ಬ್ಲಾಕ್ ಹಿಂದೆ ಇದ್ದೆ, ಗ್ಲಾಸನ್ನು ಎಷ್ಟೋ ಸಲ ತುಂಬಿಸಿ ಸುರಿದು ಕೂಡಿಸಿದೆ.

ಈಗ ಬೆಂಗಳೂರಿನ ಬಾಡಿಗೆ ಮನೆ ಟೆರೇಸ್ ಮೇಲೂ ಒಂದು ಇಟ್ಟಿದ್ದೇನೆ. ಪಕ್ಕದ ಮನೆ ಆಂಟಿ ಅದನ್ನು ಹೂಕುಂಡ ಅಂದುಕೊಂಡಿದ್ದಾರೆ. ಮೊನ್ನೆ ಅಪ್ಪ ಫೋನ್ ಮಾಡಿ "ಎಷ್ಟು ಬಿತ್ತು?" ಅಂದರು. 40 ಸೆಂಟು ಅಂದೆ.

"ಅಷ್ಟೇನಾ? ಅದಕ್ಕೇ ರಸ್ತೆಯೆಲ್ಲಾ ಮುಳುಗಿತಾ?" ಅಂತ ನಕ್ಕರು.