ಹಗುರ ಅಂತ ಮಾತ್ರ ನೋಡಿ ರಿವಾಲ್ವರ್ ಕೊಳ್ಳಬೇಡಿ

ರಾತ್ರಿ 9.30ಕ್ಕೆ ಅಂಗಡಿ ಬಾಗಿಲು ಹಾಕಿ, ಗಲ್ಲಾದ ದುಡ್ಡು ಎಣಿಸಿ ಚೀಲಕ್ಕೆ ತುಂಬಿ, ಕಾರಿನ ತನಕ ಸುಮಾರು 40 ಹೆಜ್ಜೆ ನಡೆಯಬೇಕು. ಟೆಕ್ಸಾಸ್‌ನಲ್ಲಿ ನಮ್ಮದೊಂದು ಪುಟ್ಟ ದಿನಸಿ ಅಂಗಡಿ ಇದೆ. ಹೋದ ವರ್ಷ ಒಂದು ರಾತ್ರಿ ಒಬ್ಬ ಆ 40 ಹೆಜ್ಜೆಯೂ ನನ್ನ ಹಿಂದೆಯೇ ಬಂದ. ನಾನು ಕಾರಿನೊಳಗೆ ಕೂತು ಬಾಗಿಲು ಲಾಕ್ ಮಾಡಿದ ಮೇಲೆ ಕಿಟಕಿ ಪಕ್ಕ ಬಂದು ನಿಂತು, ಒಂದು ನಿಮಿಷ ನೋಡಿ, ಹೋದ. ಏನೂ ಆಗಲಿಲ್ಲ. ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೊದಲು ಮಾಡಿದ್ದು ಬಂದೂಕು ಕೊಂಡಿದ್ದಲ್ಲ. ಬ್ಯಾಂಕಿಗೆ ಹೋಗುವುದನ್ನು ಮಧ್ಯಾಹ್ನಕ್ಕೆ ಬದಲಾಯಿಸಿದೆವು, ರಾತ್ರಿ ಬಾಗಿಲು ಹಾಕುವಾಗ ಇಬ್ಬರು ಇರಬೇಕು ಅಂತ ನಿಯಮ ಮಾಡಿದೆವು, ಹಿಂದುಗಡೆ ಎರಡು ದೊಡ್ಡ ಲೈಟು ಹಾಕಿಸಿದೆವು. ಇದೆಲ್ಲ ಆದ ಮೇಲೂ ವಾರಕ್ಕೆ ಎರಡು ದಿನ ನಾನು ಒಬ್ಬಳೇ ಆಗುತ್ತೇನೆ. ಆಗ ಶುರುವಾದದ್ದು ಈ ಹುಡುಕಾಟ. ಮೂರು ತಿಂಗಳು ಹಿಡಿಯಿತು. ನನ್ನ ಹಾಗೆ ಯೋಚನೆ ಮಾಡುತ್ತಿರುವ ನಮ್ಮ ಕನ್ನಡದ ಹೆಂಗಸರು ಇಲ್ಲಿ ಇದ್ದಾರೆ, ಇಬ್ಬರು ಮೂವರು ಕೇಳಿಯೂ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಕೋವಿ ನನಗೆ ಹೊಸದಲ್ಲ. ನಾನು ಹುಟ್ಟಿ ಬೆಳೆದದ್ದು ಚಿಕ್ಕಮಗಳೂರು ಕಡೆಯ ಕಾಫಿ ತೋಟದಲ್ಲಿ. ಅಪ್ಪನ ಹತ್ತಿರ ಲೈಸೆನ್ಸ್ ಇರುವ ಒಂದು ಜೋಡುನಳಿಗೆ ಕೋವಿ ಇತ್ತು, ಈಗಲೂ ಇದೆ. ಮಂಗ ಓಡಿಸಲು ವರ್ಷಕ್ಕೆ ಒಂದೆರಡು ಈಡು ಹೊಡೆದರೆ ಅದೇ ಜಾಸ್ತಿ. ಚುನಾವಣೆ ಬಂತು ಅಂದರೆ ಅದನ್ನು ಗೋಣಿಚೀಲದಲ್ಲಿ ಸುತ್ತಿ ಜೀಪಿನಲ್ಲಿ ಇಟ್ಟುಕೊಂಡು ಠಾಣೆಗೆ ಹೋಗಿ ಜಮಾ ಮಾಡಿ ರಸೀದಿ ತರುತ್ತಿದ್ದರು. ಖಾಲಿ ಕೋವಿಯನ್ನೂ ಮನುಷ್ಯರ ಕಡೆ ತಿರುಗಿಸಬಾರದು, ಖಾಲಿ ಅಂತ ಯಾರು ಹೇಳಿದರೂ ನೀನೇ ಬಿಚ್ಚಿ ನೋಡಬೇಕು. ಇವೆರಡನ್ನು ಅಪ್ಪ ನನಗೆ ಅಕ್ಷರ ಕಲಿಯುವ ಮೊದಲೇ ಕಲಿಸಿದ್ದರು.

ಮೊದಲು ಕಾನೂನಿನ ಮಾತು ಹೇಳಿಬಿಡುತ್ತೇನೆ, ಇದು ನಮ್ಮವರಿಗೆ ತುಂಬಾ ಮುಖ್ಯ. ಎಚ್-1ಬಿ, ಎಚ್-4, ಎಲ್-1 ಇಂಥ ವೀಸಾದಲ್ಲಿ ಇರುವವರಿಗೆ ಅಮೆರಿಕದ ಫೆಡರಲ್ ಕಾನೂನಿನಲ್ಲಿ ಬಂದೂಕು ಅಲ್ಲ, ಒಂದೇ ಒಂದು ತೋಟಾ ಇಟ್ಟುಕೊಳ್ಳುವುದೂ ಸಾಮಾನ್ಯವಾಗಿ ಅಪರಾಧ. ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ ಅಂತ ಸ್ನೇಹಿತರು ಹೇಳುತ್ತಾರೆ, ಇರುವುದೂ ನಿಜ, ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿ ಕಾಲಿಡಬೇಡಿ. ಗ್ರೀನ್ ಕಾರ್ಡ್ ಬಂದವರು ಕೊಳ್ಳಬಹುದು. ಅಂಗಡಿಯಲ್ಲಿ 4473 ಅನ್ನುವ ಫಾರಂ ತುಂಬಬೇಕು, ಅಲ್ಲೇ ಹಿನ್ನೆಲೆ ತಪಾಸಣೆ ಆಗುತ್ತದೆ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ ಪರವಾನಗಿ ಇಲ್ಲದೆಯೂ ಇಟ್ಟುಕೊಂಡು ಓಡಾಡಲು ಬಹುಪಾಲು ಜನರಿಗೆ ಅವಕಾಶ ಇದೆ. ಆದರೂ ನಾನು ಕ್ಲಾಸಿಗೆ ಹೋಗಿ ಲೈಸೆನ್ಸ್ ಮಾಡಿಸಿದೆ. ಕಾರಣ ಸರಳ. ಶಾಲೆಯ ಸುತ್ತ 1,000 ಅಡಿ ಒಳಗೆ ಬಂದೂಕು ಇರಬಾರದು ಅನ್ನುವ ಫೆಡರಲ್ ಕಾನೂನು ಬೇರೆ ಇದೆ, ರಾಜ್ಯದ ಲೈಸೆನ್ಸ್ ಇದ್ದವರಿಗೆ ಅದರಲ್ಲಿ ವಿನಾಯಿತಿ. ದಿನಾ ಮಗಳನ್ನು ಶಾಲೆಗೆ ಬಿಡುವವಳು ನಾನು, ರಸ್ತೆಯಲ್ಲಿ 1,000 ಅಡಿ ಅಳೆಯುತ್ತಾ ಓಡಿಸಲು ಆಗುತ್ತಾ? ವಿನಾಯಿತಿ ಇದ್ದರೂ ಶಾಲೆ ಕಟ್ಟಡದೊಳಗೆ ಮಾತ್ರ ಒಯ್ಯುವ ಹಾಗಿಲ್ಲ.

ಈಗ ರಿವಾಲ್ವರ್ ವಿಷಯ.

ಮೊದಲು ಹೋದ ಅಂಗಡಿಯಲ್ಲಿ ಕೌಂಟರಿನವನು ನನ್ನನ್ನು ನೋಡಿದ ಕೂಡಲೇ, ಏನು ಬೇಕು ಅಂತಲೂ ಕೇಳದೆ, ನೇರಳೆ ಬಣ್ಣದ ಒಂದು ಪುಟ್ಟ ರಿವಾಲ್ವರ್ ತೆಗೆದು ಮುಂದಿಟ್ಟ. ಹೆಂಗಸರಿಗೆ ಇದೇ ಸರಿ, ಪುಟ್ಟದು, ಹಗುರ, ಸುಲಭ ಅಂದ. ಕೈಗೆ ತಗೊಂಡರೆ ನಿಜಕ್ಕೂ ಹಗುರ, ಒಂದು ಲೋಟ ಕಾಫಿಯಷ್ಟೂ ಭಾರ ಇಲ್ಲ ಅನ್ನಿಸಿತು. ಅವತ್ತೇ ಕೊಂಡುಬಿಡುತ್ತಿದ್ದೆ. ನಮ್ಮನೆಯವರು, "ಒಂದ್ಸಲ ಹೊಡೆದು ನೋಡು, ಆಮೇಲೆ ತಗೋ" ಅಂದರು. ಅದೊಂದು ಮಾತಿನಿಂದ ನನ್ನ ದುಡ್ಡು ಉಳಿಯಿತು.

ಇಲ್ಲಿ ಹಲವು ಶೂಟಿಂಗ್ ರೇಂಜ್‌ಗಳಲ್ಲಿ ಬಂದೂಕು ಬಾಡಿಗೆಗೆ ಸಿಗುತ್ತದೆ. ನಾನು ಮೊದಲು ತಗೊಂಡದ್ದು ಸ್ಮಿತ್ ಅಂಡ್ ವೆಸನ್ 642. ಇದು ಅವರ ಜೆ-ಫ್ರೇಮ್ ಅನ್ನುವ ಪುಟ್ಟ ಮೈಯ ರಿವಾಲ್ವರ್‌ಗಳ ಸಂಸಾರದ್ದು, ಆ ಸಂಸಾರ ಶುರುವಾದದ್ದು 1950ರಲ್ಲಿ. .38 ಸ್ಪೆಷಲ್ ಗುಂಡು, ಐದೇ ಹಿಡಿಯುತ್ತದೆ. ಅಲ್ಯೂಮಿನಿಯಂ ಮೈ, ತೂಕ ಸುಮಾರು 410 ಗ್ರಾಂ. ನಳಿಗೆ ಎರಡು ಇಂಚೂ ಇಲ್ಲ. ತೋಟಾ ಸಿಡಿಸಲು ಬಡಿಯುವ ಹ್ಯಾಮರ್ ಮೈಯೊಳಗೇ ಇರುತ್ತದೆ. ಹಾಗಾಗಿ ಬಟ್ಟೆಗೆ ಸಿಕ್ಕಿಹಾಕಿಕೊಳ್ಳಲು ಏನೂ ಇಲ್ಲ. ಕುರ್ತಾ ದುಪಟ್ಟಾ ಹಾಕುವವರಿಗೆ ಇದು ದೊಡ್ಡ ವಿಷಯ. ಹೊರಗೆ ಕೊಂಬಿನ ಹಾಗೆ ಹ್ಯಾಮರ್ ಇರುವ ಮಾದರಿಗಳನ್ನು ನಾನು ಅಲ್ಲಿಗೇ ಕೈಬಿಟ್ಟೆ.

ಆದರೆ ಹೊಡೆದಾಗ! ಮೊದಲ ಗುಂಡಿಗೇ ಹೆಬ್ಬೆರಳು ತೋರುಬೆರಳಿನ ನಡುವಿನ ಚರ್ಮಕ್ಕೆ ಯಾರೋ ಬೆತ್ತದಲ್ಲಿ ಹೊಡೆದ ಹಾಗಾಯಿತು. ಅಪ್ಪನ ಕೋವಿಯೂ ಒದೆಯುತ್ತಿತ್ತು, ಆದರೆ ಅದಕ್ಕೆ ಭುಜ ಇದೆ, ಮೂರು ಕೆಜಿ ಮೈಭಾರ ಇದೆ. ಇಲ್ಲಿ ಪೂರಾ ಒದೆತ ಅಂಗೈಗೆ. ಹಿಡಿಕೆ ಎಷ್ಟು ಗಿಡ್ಡ ಅಂದರೆ ಕಿರುಬೆರಳಿಗೆ ಜಾಗವೇ ಇಲ್ಲ. ಎರಡನೇ ಸಲ ತುಂಬಿ ಹೊಡೆಯುವಾಗ, ಗುಂಡು ಹಾರುವ ಮೊದಲೇ ನನ್ನ ಕಣ್ಣು ಮುಚ್ಚಿಹೋಗುತ್ತಿತ್ತು, ಕೈ ಕೆಳಗೆ ಬೀಳುತ್ತಿತ್ತು. 7 ಗಜ ದೂರದ ಕಾಗದದಲ್ಲಿ ಐದರಲ್ಲಿ ಎರಡು ತೂತು. ಉಳಿದ ಮೂರು ಎಲ್ಲಿಗೆ ಹೋದವು? ರೇಂಜ್‌ನಲ್ಲಿ ಮಣ್ಣಿನ ದಿಬ್ಬಕ್ಕೆ ಹೋದವು. ಪಾರ್ಕಿಂಗ್‌ನಲ್ಲಿ ಆಗಿದ್ದರೆ ಯಾರದೋ ಕಾರಿಗೆ, ಯಾರದೋ ಮಗುವಿಗೆ.

ಇದನ್ನೇ ನಾನು ಹೇಳಬೇಕು ಅಂತಿರುವುದು. ಪುಟ್ಟ ಹಗುರ ರಿವಾಲ್ವರ್ ಇಟ್ಟುಕೊಳ್ಳಲು ಸುಲಭ, ಹೊಡೆಯಲು ಎಲ್ಲಕ್ಕಿಂತ ಕಷ್ಟ. ಅದು ಪಳಗಿದವರ ಬಂದೂಕು. ಅದನ್ನು ಹೊಸಬರಿಗೆ, ಅದರಲ್ಲೂ ಹೆಂಗಸರಿಗೆ, ಸುಲಭ ಅಂತ ಮಾರುವುದು ತಪ್ಪು.

ಒದೆತ ಒಂದೇ ಅಲ್ಲ. ಹ್ಯಾಮರ್ ಒಳಗಿರುವ ರಿವಾಲ್ವರಿನಲ್ಲಿ ಟ್ರಿಗರ್ ಎಳೆದಾಗಲೇ ತೋಟಾ ತುಂಬುವ ಸಿಲಿಂಡರ್ ತಿರುಗಿ, ಹ್ಯಾಮರ್ ಹಿಂದೆ ಹೋಗಿ ಬೀಳಬೇಕು. ಅದಕ್ಕೆ ಐದು ಕೆಜಿಗೂ ಮೀರಿದ ಎಳೆತ ಬೇಕಾಗುತ್ತದೆ. 410 ಗ್ರಾಂ ತೂಕದ ವಸ್ತುವನ್ನು ಹಿಡಿದು ಒಂದೇ ಬೆರಳಲ್ಲಿ ಐದು ಕೆಜಿ ಎಳೆದರೆ ಅದು ಅಲ್ಲಾಡದೆ ಇರುತ್ತಾ? ಭಾರ ಇದ್ದಷ್ಟೂ ಕಡಿಮೆ ಅಲ್ಲಾಡುತ್ತದೆ. ಗುರಿ ನೋಡಲು ನಳಿಗೆಯ ಮೇಲಿರುವ ಮುಂದಿನ ಹಿಂದಿನ ಗುರುತುಗಳ, ಅಂದರೆ ಸೈಟ್‌ಗಳ, ನಡುವೆ ಹೆಚ್ಚು ಅಂತರವೂ ಇಲ್ಲ. ಹಾಗಾಗಿ ಕೈಯಲ್ಲಿ ಕೂದಲೆಳೆಯ ತಪ್ಪಾದರೂ ಗುರಿಯಲ್ಲಿ ಒಂದು ಗೇಣು ತಪ್ಪುತ್ತದೆ.

ಇನ್ನೂ ಹಗುರದ್ದೂ ಇವೆ. ಸ್ಕ್ಯಾಂಡಿಯಂ ಸೇರಿಸಿದ ಲೋಹದ್ದು, 340 ಗ್ರಾಂ ಆಸುಪಾಸು, ಅದೂ .38ಕ್ಕಿಂತ ಜೋರಾದ .357 ಮ್ಯಾಗ್ನಮ್ ಗುಂಡಿನದ್ದು. ಅದರಲ್ಲಿ ಇನ್ನೊಂದು ತೊಂದರೆ ಇದೆ. ಬಂದೂಕು ಅಷ್ಟು ಜೋರಾಗಿ ಹಿಂದಕ್ಕೆ ಹಾರುವಾಗ, ಸಿಲಿಂಡರಿನಲ್ಲಿ ಕಾಯುತ್ತಿರುವ ತೋಟಾಗಳ ಮೊನೆಯ ಸೀಸ ಇದ್ದಲ್ಲೇ ಉಳಿಯಲು ನೋಡಿ, ತೋಟಾದ ಬಾಯಿಂದ ಮುಂದಕ್ಕೆ ಜಾರಬಹುದು. ಜಾರಿ ಹೊರಗೆ ಚಾಚಿತೆಂದರೆ ಸಿಲಿಂಡರ್ ತಿರುಗುವುದೇ ಇಲ್ಲ. ರಿವಾಲ್ವರ್ ಎಂದೂ ಕೈಕೊಡುವುದಿಲ್ಲ ಅನ್ನುವವರು ಇದನ್ನು ಹೇಳುವುದಿಲ್ಲ.

ಎರಡನೆಯದು ರುಗರ್ ಎಲ್‌ಸಿಆರ್. 2009ರಲ್ಲಿ ಬಂದದ್ದು, ಕೆಳಭಾಗ ಪಾಲಿಮರ್. .38ರ ಮಾದರಿ 642ಕ್ಕಿಂತಲೂ ಸ್ವಲ್ಪ ಹಗುರ, ಆದರೆ ಟ್ರಿಗರ್ ಎಷ್ಟು ನುಣುಪು ಅಂದರೆ ಬೆಣ್ಣೆ! ಮೆತ್ತನೆ ರಬ್ಬರ್ ಹಿಡಿಕೆ ಬೇರೆ. ಇದೇ ಎಲ್‌ಸಿಆರ್‌ನ .357 ಮಾದರಿ 485 ಗ್ರಾಂ ಇದೆ. ಒಬ್ಬ ಹಿರಿಯರು ರೇಂಜ್‌ನಲ್ಲಿ ಹೇಳಿಕೊಟ್ಟ ಉಪಾಯ ಇದು: .357 ರಿವಾಲ್ವರ್ ಕೊಂಡು ಅದರಲ್ಲಿ .38 ಗುಂಡು ಹಾಕು, ಭಾರದ ಮೈ, ಮೆತ್ತಗಿನ ಗುಂಡು. .357ರಲ್ಲಿ .38 ಹೋಗುತ್ತದೆ, ತಿರುಗುಮುರುಗು ಆಗುವುದಿಲ್ಲ. ಅದನ್ನು ಹೊಡೆದಾಗ ಐದರಲ್ಲಿ ನಾಲ್ಕು ಕಾಗದದ ನಡುವಿಗೇ ಬಿದ್ದವು. ನನಗೆ ಅರ್ಧ ಜೀವ ಬಂತು.

ಕೊನೆಗೆ ನಾನು ತಗೊಂಡದ್ದು ಬೇರೆಯೇ. 2024ರಲ್ಲಿ ಸ್ಮಿತ್ ಅಂಡ್ ವೆಸನ್‌ನವರು ಜೆ-ಫ್ರೇಮ್‌ನಲ್ಲೇ 432 ಯುಸಿ ಅನ್ನುವ ಹೊಸ ಮಾದರಿ ತಂದರು, .32 ಎಚ್ ಅಂಡ್ ಆರ್ ಮ್ಯಾಗ್ನಮ್ ಗುಂಡಿನದು. ಗುಂಡು ಸಣ್ಣದಾದ್ದರಿಂದ ಅಷ್ಟೇ ಜಾಗದಲ್ಲಿ ಐದರ ಬದಲು ಆರು ಹಿಡಿಯುತ್ತದೆ. ಒದೆತ ಕಡಿಮೆ. ಮುಂದಿನ ಸೈಟ್ ಕತ್ತಲಲ್ಲೂ ಕಾಣುತ್ತದೆ, ಇದು ನನಗೆ ಬೇಕೇ ಬೇಕಿತ್ತು, ನನ್ನ ಭಯ ಇರುವುದೇ ಕತ್ತಲಲ್ಲಿ ಅಲ್ವಾ. ಇನ್ನೊಂದು ಸಂಗತಿ ಗೊತ್ತಾದಾಗ ಊರೇ ನೆನಪಾಯಿತು. ಇದರಲ್ಲಿ .32 ಎಸ್ ಅಂಡ್ ಡಬ್ಲ್ಯು ಲಾಂಗ್ ಅನ್ನುವ ಹಳೆಯ ಮೆತ್ತಗಿನ ತೋಟಾವನ್ನೂ ಹಾಕಬಹುದು. ನಮ್ಮ ಕಾನ್ಪುರದ ಕಾರ್ಖಾನೆಯ ರಿವಾಲ್ವರಿಗೆ ಹಾಕುವುದೂ ಅದೇ ತೋಟಾ! ಊರಲ್ಲಿ ಪಕ್ಕದ ತೋಟದವರ ಹತ್ತಿರ ಕಾನ್ಪುರದ್ದೊಂದು ಇತ್ತು, ತೊಗಲಿನ ಚೀಲದಲ್ಲಿ ಬೀರುವಿನ ಮೇಲೆ. ಅಭ್ಯಾಸಕ್ಕೆ ನಾನು ಆ ಲಾಂಗ್ ತೋಟಾ ಬಳಸುತ್ತೇನೆ, 50 ಹೊಡೆದರೂ ಕೈ ನೋಯುವುದಿಲ್ಲ.

ತೊಂದರೆ ಇಲ್ಲವೆಂದಲ್ಲ. .32 ತೋಟಾ ದುಬಾರಿ, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. .38ಕ್ಕಿಂತ ಬಲ ಕಡಿಮೆ ಅಂತ ಹೇಳುವವರ ಮಾತಿನಲ್ಲಿ ಸತ್ಯ ಇದೆ. ಅಷ್ಟೇ ಗಾತ್ರದ ಸಿಗ್ ಪಿ365 ಪಿಸ್ತೂಲಿನಲ್ಲಿ ಹತ್ತು ಗುಂಡು ಇರುತ್ತವೆ, ಅದೂ ಸತ್ಯ. ಆದರೆ ಪಿಸ್ತೂಲಿನ ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗ, ಹಿಂದಕ್ಕೆ ಎಳೆಯಲು ನನ್ನ ಮಣಿಕಟ್ಟು ಒಪ್ಪುವುದಿಲ್ಲ, ಅಕ್ಕಿ ಮೂಟೆ ಎತ್ತಿ ಎತ್ತಿ ಅದು ಮೊದಲೇ ಸೋತಿದೆ. ರಿವಾಲ್ವರಿನಲ್ಲಿ ಒಂದು ತೋಟಾ ಸಿಡಿಯದಿದ್ದರೆ ಟ್ರಿಗರ್ ಮತ್ತೆ ಎಳೆದರೆ ಮುಂದಿನದು ಬರುತ್ತದೆ. ನನಗೆ ಆ ನೆಮ್ಮದಿ ಬೇಕು.

ಇಟ್ಟುಕೊಳ್ಳುವುದು ಎಲ್ಲಿ? ವ್ಯಾನಿಟಿ ಬ್ಯಾಗಿನಲ್ಲಿ ಬೇಡವೇ ಬೇಡ. ಕಳ್ಳ ಮೊದಲು ಕಿತ್ತುಕೊಳ್ಳುವುದು ಅದನ್ನೇ, ಮಗು ಚಾಕೊಲೇಟ್‌ಗೆ ಕೈ ಹಾಕುವುದೂ ಅದಕ್ಕೇ. ಹೆಂಗಸರ ಜೀನ್ಸ್ ಜೇಬಿನಲ್ಲಿ ಮೊಬೈಲೇ ಹಿಡಿಯುವುದಿಲ್ಲ. ನಾನು ಕುರ್ತಾ ಒಳಗೆ ಸೊಂಟಕ್ಕೆ ಅಗಲದ ಪಟ್ಟಿ ಕಟ್ಟುತ್ತೇನೆ, ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಚಿಪ್ಪು ಇರುವಂಥದ್ದು. ಬರೀ ಎಲಾಸ್ಟಿಕ್ ಬಟ್ಟೆಯದ್ದು ತಗೋಬೇಡಿ, ಬಟ್ಟೆಯ ಮೇಲಿಂದಲೇ ಟ್ರಿಗರ್ ಒತ್ತಿಹೋಗಬಹುದು. ನಮ್ಮ ಸಡಿಲ ಕುರ್ತಾ ಇದನ್ನು ಎಷ್ಟು ಚೆನ್ನಾಗಿ ಮರೆಮಾಡುತ್ತದೆ ಅಂದರೆ ಆರು ತಿಂಗಳಲ್ಲಿ ಯಾರಿಗೂ ತಿಳಿದಿಲ್ಲ. ಸೀರೆ ಉಟ್ಟ ದಿನ ಅದು ಮನೆಯಲ್ಲೇ, ಬೀಗದ ಪೆಟ್ಟಿಗೆಯೊಳಗೆ. 17 ವರ್ಷದೊಳಗಿನ ಮಕ್ಕಳ ಕೈಗೆ ಗುಂಡು ತುಂಬಿದ ಬಂದೂಕು ಸಿಗುವ ಹಾಗೆ ಬಿಟ್ಟರೆ ಟೆಕ್ಸಾಸ್‌ನಲ್ಲಿ ಅಪರಾಧ, ಕಾನೂನು ಇಲ್ಲದಿದ್ದರೂ ನಾನು ಹಾಗೆ ಬಿಡುವವಳಲ್ಲ.

ವಾರಕ್ಕೆ ಮೂರು ದಿನ ಹತ್ತು ನಿಮಿಷ ಮನೆಯಲ್ಲೇ ಅಭ್ಯಾಸ. ತೋಟಾಗಳೆಲ್ಲ ಬೇರೆ ಕೋಣೆಯಲ್ಲಿ, ಸಿಲಿಂಡರ್ ಬಿಚ್ಚಿ ಬೆರಳಾಡಿಸಿ ನೋಡಿ, ಅಭ್ಯಾಸದ ಸುಳ್ಳು ತೋಟಾ ಹಾಕಿ, ಭದ್ರ ದಿಕ್ಕಿಗೆ ಹಿಡಿದು ಟ್ರಿಗರ್ ಎಳೆಯುವುದು. ನಳಿಗೆಯ ಮೇಲೆ ದೇವರ ಮನೆಯ ಒಂದು ರೂಪಾಯಿ ನಾಣ್ಯ ಇಟ್ಟುಕೊಳ್ಳುತ್ತೇನೆ. ಟ್ರಿಗರ್ ಎಳೆದಾಗಲೂ ನಾಣ್ಯ ಬೀಳಬಾರದು. ಮೊದಲ ವಾರ ಪ್ರತಿ ಸಲವೂ ಟಣ್ ಅಂತ ನೆಲಕ್ಕೆ ಬೀಳುತ್ತಿತ್ತು. ಈಗ ಹತ್ತರಲ್ಲಿ ಎಂಟು ಸಲ ನಿಲ್ಲುತ್ತದೆ. ಇನ್ನೊಂದು ಎಚ್ಚರ: ಹೆಬ್ಬೆರಳನ್ನು ಸಿಲಿಂಡರಿನ ಮುಂದಕ್ಕೆ ಚಾಚಬೇಡಿ. ಸಿಲಿಂಡರ್ ಮತ್ತು ನಳಿಗೆ ನಡುವಿನ ಸಂದಿಯಿಂದ ಸುಡುವ ಗಾಳಿ ಚಿಮ್ಮುತ್ತದೆ, ಚರ್ಮ ಕೊಯ್ದುಹೋಗುತ್ತದೆ.

ಊರಿಗೆ ಹೋಗುವವರು ಇದನ್ನೂ ಓದಿ. ರೇಂಜ್‌ಗೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ಬಳಸಲೇಬೇಡಿ. ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ನಮ್ಮ ದೇಶದ ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು. ನಾನು ನನ್ನ ಚೀಲಕ್ಕೆ ಕೆಂಪು ರಿಬ್ಬನ್ ಕಟ್ಟಿ ಗ್ಯಾರೇಜಿನಲ್ಲೇ ಇಟ್ಟಿದ್ದೇನೆ.

ಲೈಸೆನ್ಸ್ ಪರೀಕ್ಷೆಯಲ್ಲಿ 3, 7, 15 ಗಜದಿಂದ ಒಟ್ಟು 50 ಗುಂಡು ಹೊಡೆಯಬೇಕು, 250ಕ್ಕೆ 175 ಬಂದರೆ ಪಾಸು. ನಾನು ಅದನ್ನು ರೇಂಜ್‌ನ ದೊಡ್ಡ ಪಿಸ್ತೂಲಿನಲ್ಲಿ ಪಾಸು ಮಾಡಿದ್ದೆ. ಹೋದ ತಿಂಗಳು ಅದೇ ಪರೀಕ್ಷೆಯನ್ನು ನನಗೆ ನಾನೇ ಈ ಪುಟ್ಟದರಲ್ಲಿ ಇಟ್ಟುಕೊಂಡೆ, 211 ಬಂತು. ಕಳೆದುಕೊಂಡದ್ದೆಲ್ಲ 15 ಗಜದಲ್ಲಿ. ಕಾಗದ ಮಡಿಸಿ ಮನೆಗೆ ತಂದಿದ್ದೇನೆ.

ಈ ಸಲ ಆಯುಧ ಪೂಜೆಗೆ ಊರಲ್ಲಿ ಅಪ್ಪ ಕೋವಿಗೆ ಅರಿಶಿನ ಕುಂಕುಮ ಇಡುವಾಗ ವಿಡಿಯೋ ಕಾಲ್ ಮಾಡಿದರು. ನಾನೂ ಇಲ್ಲಿ ತಕ್ಕಡಿ, ಗಲ್ಲಾಪೆಟ್ಟಿಗೆ, ಕಾರಿನ ಕೀ ಜೊತೆ ಇದನ್ನೂ ಮಣೆಯ ಮೇಲೆ ಇಟ್ಟಿದ್ದೆ. ಅಪ್ಪ ಅದನ್ನು ನೋಡಿ ಮೊದಲು ಕೇಳಿದ್ದು, "ಖಾಲಿ ಮಾಡಿದ್ದೀಯೇನೇ ಪುಟ್ಟಿ?"

"ಮಾಡಿದೀನಿ ಅಪ್ಪ."

"ಬಿಚ್ಚಿ ತೋರಿಸು."

ಸಿಲಿಂಡರ್ ಬಿಚ್ಚಿ ಫೋನಿನ ಮುಂದೆ ಹಿಡಿದೆ. ಅಪ್ಪ ಕನ್ನಡಕ ಹಾಕಿಕೊಂಡು ಆರು ತೂತನ್ನೂ ಒಂದೊಂದಾಗಿ ಎಣಿಸಿದರು.