ಒಂಬತ್ತನೇ ತಿರುವು

11 ಫೆಬ್ರವರಿ 2018, ಭಾನುವಾರ ರಾತ್ರಿ

ಲೂಜ್‌ನಲ್ಲಿ, ಅಂದರೆ ಮಂಜಿನ ಹಾದಿಯಲ್ಲಿ ಸ್ಲೆಡ್ (ಜಾರುಬಂಡಿ) ಮೇಲೆ ಅಂಗಾತ ಮಲಗಿ ಇಳಿಯುವ ಆಟದಲ್ಲಿ, ಜರ್ಮನಿಯ ಫೆಲಿಕ್ಸ್ ಲೋಖ್ ಸೋತ! 2010, 2014ರ ಚಳಿಗಾಲದ ಒಲಿಂಪಿಕ್ಸ್ ಚಿನ್ನ ಅವನದೇ. ಪ್ಯೊಂಗ್‌ಚಾಂಗ್‌ನಲ್ಲೂ ಮೂರು ಓಟ ಮುಗಿದಾಗ ಅವನೇ ಮುಂದಿದ್ದ. ನಾಲ್ಕನೆಯದರಲ್ಲಿ, ಒಂಬತ್ತನೇ ತಿರುವಿನ ಹತ್ತಿರ ಸ್ಲೆಡ್ ಅಡ್ಡಕ್ಕೆ ಜಾರಿತು. ಐದನೇ ಸ್ಥಾನ. ಚಿನ್ನ ಆಸ್ಟ್ರಿಯಾದ ಡೇವಿಡ್ ಗ್ಲೈರ್ಶರ್‌ಗೆ.

ಬೀಳಲಿಲ್ಲ, ಜಾರಿದ ಅಷ್ಟೇ. ಲೂಜ್‌ನಲ್ಲಿ ಅಷ್ಟೇ ಸಾಕು. ಸವಾರ ತನ್ನ ಬಲದಿಂದ ವೇಗ ಕೂಡಿಸಿಕೊಳ್ಳುವುದು ಆರಂಭದಲ್ಲಿ ಮಾತ್ರ. ಕೂತು, ಎರಡು ಬದಿಯ ಹಿಡಿಕೆ ಹಿಡಿದು ಹಿಂದೆ ಮುಂದೆ ತೂಗಿ ಎಳೆದುಕೊಳ್ಳಬೇಕು. ಮುಳ್ಳಿನ ಕೈಗವಸಿನಿಂದ ಮಂಜುಗಡ್ಡೆಯನ್ನು ಕೆಲವು ಸಲ ಹಿಂದಕ್ಕೆ ತಳ್ಳಿ ಅಂಗಾತ ಮಲಗಿಬಿಡಬೇಕು. ಆಮೇಲಿನದೆಲ್ಲ ಇಳಿಜಾರಿನ ಕೃಪೆ. ಅಡ್ಡ ಜಾರಿದರೆ ಉಕ್ಕಿನ ಪಟ್ಟಿ ಮಂಜನ್ನು ಕೆರೆಯುತ್ತದೆ, ಕಳೆದುಹೋದ ವೇಗ ಮುಂದಿನ ಪ್ರತಿ ತಿರುವಿನಲ್ಲೂ ಲೆಕ್ಕಕ್ಕೆ ಬರುತ್ತದೆ. ಸಮಯ ಅಳೆಯುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನವರೆಗೆ.

ಸ್ಟೀರಿಂಗ್ ಇಲ್ಲ. ಮಲಗುವ ಪಾಡ್‌ನ ಕೆಳಗೆ ಎರಡು ಕುಫೆನ್, ಅಂದರೆ ಮೂತಿ ಬಾಗಿದ ಉದ್ದನೆಯ ಜಾರುಪಟ್ಟಿಗಳು, ಅವುಗಳ ತಳಕ್ಕೆ ಉಕ್ಕು. ಎಡಕ್ಕೆ ಹೊರಳಬೇಕೆಂದರೆ ಬಲಗಾಲಿನ ಮೀನಖಂಡದಿಂದ ಬಲ ಕುಫೆನ್ ಒತ್ತಬೇಕು, ಜೊತೆಗೆ ಭುಜದ ಭಾರ. ಒತ್ತಡ ತುಸು ತಡವಾದರೆ ಗೋಡೆ, ಗಾಬರಿಯಿಂದ ಹೆಚ್ಚು ಒತ್ತಿದರೆ ಜಾರಿಕೆ. ಮೋಸಕ್ಕೂ ದಾರಿ ಉಂಟು: ಉಕ್ಕನ್ನು ಬಿಸಿ ಮಾಡಿದರೆ ಸ್ಲೆಡ್ ಇನ್ನೂ ಚುರುಕು. ಅದಕ್ಕೇ ಓಟಕ್ಕೆ ಮುಂಚೆ ಉಕ್ಕಿನ ತಾಪ ಅಳೆಯುತ್ತಾರೆ.

ಇವತ್ತೂ ಅದೇ ಗೊಂದಲ, ಜಾರುವ ಆಟವೆಲ್ಲ ಲೂಜ್ ಅಂತೆ. ಅಂಗಾತ ಮಲಗಿ ಕಾಲು ಮುಂದಾದರೆ ಮಾತ್ರ ಲೂಜ್. ಬಂಡಿಗೂ ಆಟಕ್ಕೂ ಅದೇ ಹೆಸರು. ಬೋರಲಾಗಿ ತಲೆ ಮುಂದಾದರೆ ಸ್ಕೆಲಿಟನ್. ಕೂತು ಹೋಗುವುದು ಬಾಬ್‌ಸ್ಲೆಡ್, ಮೂರರಲ್ಲಿ ಬ್ರೇಕ್ ಇರುವುದು ಅದಕ್ಕೊಂದಕ್ಕೇ. ಲೂಜ್‌ನವರು ಗೆರೆ ದಾಟಿದ ಮೇಲೆ ಎದ್ದು ಕೂತು, ಕಾಲೂರಿ, ಕುಫೆನ್‌ಗಳ ಮೂತಿ ಎತ್ತಿ ನಿಲ್ಲಿಸುತ್ತಾರೆ.

ನಮ್ಮ ಶಿವ ಕೇಶವನ್ 34ನೇ ಸ್ಥಾನ. 1998ರ ನಗಾನೊದಲ್ಲಿ 16ರ ಹುಡುಗ, ಇದು ಆರನೇ ಒಲಿಂಪಿಕ್ಸ್, ಕಡೆಯದೂ ಹೌದು. ನಮ್ಮಲ್ಲಿ ಕೃತಕ ಮಂಜಿನ ಓಟದ ಹಾದಿಯೇ ಇಲ್ಲದೆ ಸ್ಲೆಡ್‌ಗೆ ಚಕ್ರ ಹಾಕಿಕೊಂಡು ಹಿಮಾಲಯದ ಡಾಂಬರು ರಸ್ತೆಯಲ್ಲಿ ಇಳಿದವನು. ಚಕ್ರದ ಮೇಲೆ ಭುಜದ ಭಾರ ಹಾಕುವುದು ಕಲಿಯಬಹುದು. ಆದರೆ ಚಕ್ರ ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ಮಂಜಿನ ಮೇಲೆ ಉಕ್ಕಿಗೆ ಅಂಥ ಹಿಡಿತವಿಲ್ಲ. ಲೋಖ್‌ನಂಥವನೇ ಜಾರುವ ಆ ಕ್ಷಣವನ್ನು ರಸ್ತೆಯಲ್ಲಿ ಕಲಿಯುವುದಾದರೂ ಹೇಗೆ…