ಇಲಿ, ಟೋಪಿ, ಒಂಬತ್ತು ಸನ್ನೆ: ಕೆಲಸ ಎಲ್ಲಿಗೆ ಬಂತು

ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಗಾಳಿಗೆ ಹಾರಿದ ಟೋಪಿಯನ್ನು ಇಲಿಮರಿ ಹುಡುಕುವ ಎಂಟು ಪುಟದ ಒಂದು ಕಥೆ, ಅದೇ ಕಥೆಯ ಮೇಲೊಂದು ಹಾಡು, ಎರಡಕ್ಕೂ ಸೇರಿ ಒಂಬತ್ತೇ ಮುಖ್ಯಪದ ಸನ್ನೆ. ಕಥೆಯ ಪಠ್ಯ ಬಹುಮಟ್ಟಿಗೆ ಗಟ್ಟಿಯಾಗಿದೆ, ಹಾಡಿನ ವೇಗ ಇಳಿದಿದೆ, ಪಟ್ಟಿಯಿಂದ ಎರಡು ಪದ ಹೊರಬಿದ್ದಿವೆ. ಚಿತ್ರಗಳ ಕೆಲಸ ಬಾಕಿ.

ಹೊಸದಾಗಿ ಓದುವವರಿಗೆ: ಮುಖ್ಯಪದ ಸನ್ನೆ ಅಂದರೆ ವಾಕ್ಯವನ್ನು ಪೂರ್ತಿ ಬಾಯಲ್ಲಿ ಹೇಳುತ್ತ, ಅದರ ತೂಕದ ಪದಗಳಿಗೆ ಮಾತ್ರ ಕೈಯನ್ನೂ ಸೇರಿಸುವುದು. ಇದು ಸನ್ನೆ ಭಾಷೆ ಅಲ್ಲ. ಸನ್ನೆ ಭಾಷೆಗೆ ಅದರದೇ ವ್ಯಾಕರಣವಿದೆ. ಇಲ್ಲಿ ಅದರ ಸನ್ನೆಗಳನ್ನಷ್ಟೇ ಎರವಲು ತರುತ್ತೇವೆ. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಮಾರ್ಗರೆಟ್ ವಾಕರ್ ಮತ್ತು ಜೊತೆಗಾರರು ರೂಪಿಸಿದ ಮಕಟಾನ್ ಈ ದಾರಿಯದು. ಆಸ್ಟ್ರೇಲಿಯಾದ ಕೀ ವರ್ಡ್ ಸೈನ್ ಅಲ್ಲಿನ ಕಿವುಡರ ಆಸ್ಲಾನ್ ಭಾಷೆಯಿಂದ ಸನ್ನೆ ಪಡೆಯುತ್ತದೆ. ಡೌನ್ ಸಿಂಡ್ರೋಮ್, ಆಟಿಸಂ ಇರುವ ಮಕ್ಕಳಿಗೆ, ಮಾತು ತಡವಾದ ಮಕ್ಕಳಿಗೆ ಇದರ ಬಳಕೆ ಹೆಚ್ಚು. ಕೈ ಕಲಿಸಿದರೆ ಬಾಯಿ ಕಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಒಂದು ಪದ ಬಾಯಲ್ಲಿ ಸಲೀಸಾಗಿ ಬರತೊಡಗಿದರೆ ಮಗು ಅದರ ಸನ್ನೆಯನ್ನು ತಾನಾಗಿಯೇ ಬಿಡುತ್ತದೆ. ಮನೆಯಲ್ಲೇ ಸನ್ನೆ ಹುಟ್ಟಿಸಿಕೊಳ್ಳುವುದು ಮಾತ್ರ ಬೇಡ. ಆ ಸನ್ನೆ ಮನೆ ಬಾಗಿಲು ದಾಟಿದ ಮೇಲೆ ಯಾರಿಗೂ ಅರ್ಥವಾಗುವುದಿಲ್ಲ.

ಪದಪಟ್ಟಿ

ಈಗ ಉಳಿದಿರುವುದು: ಇಲಿ, ಬೆಕ್ಕು, ಟೋಪಿ, ಮರ, ಗಾಳಿ, ನೋಡು, ಮಲಗು, ಎಲ್ಲಿ, ಇಲ್ಲ.

‘ಕೆಂಪು’ ಹೋಯಿತು. ಕಥೆಯಲ್ಲಿ ಇರುವುದು ಒಂದೇ ಟೋಪಿ, ಹಾಗಾಗಿ ಬಣ್ಣ ಹೇಳಿ ಬೇರೆ ಮಾಡಬೇಕಾದದ್ದು ಏನೂ ಇಲ್ಲ. ‘ಕೆಳಗೆ’ಯೂ ಹೋಯಿತು, ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದರೆ ಸಾಕು. ‘ಇನ್ನೂ ಬೇಕು’ ಎಂಬುದನ್ನು ಮೊದಲಿಂದಲೇ ಸೇರಿಸಿರಲಿಲ್ಲ. ಬಹಳ ಕಡೆ ಮೊದಲು ಕಲಿಸುವ ಸನ್ನೆಯೇ ಅದು, ತೊಂದರೆಯೂ ಅಲ್ಲೇ: ಅದೊಂದರಿಂದ ಎಲ್ಲವೂ ಸಿಗುವಾಗ ಮಗು ನೀರಿಗೂ ಚೆಂಡಿಗೂ ಅದನ್ನೇ ಮಾಡುತ್ತದೆ, ಬೇರೆ ಪದದ ಗೋಜಿಗೇ ಹೋಗುವುದಿಲ್ಲ.

ಕೈಯ ಆಕಾರವನ್ನೂ ನೋಡಿಕೊಂಡೆವು. ಬಿಚ್ಚಿದ ಅಂಗೈ, ಮುಷ್ಟಿ, ತೋರುಬೆರಳು ಬೇಗ ಒಗ್ಗುತ್ತವೆ. ಮೈ ಮುಟ್ಟುವ ಸನ್ನೆ ಸುಲಭ. ನಾವು ಆರಿಸಿಕೊಂಡ ‘ಟೋಪಿ’ ತಲೆಯ ಮೇಲೆ ಅಂಗೈ ತಟ್ಟುವಂಥದ್ದು, ಅದಕ್ಕೇ ಎಲ್ಲಕ್ಕಿಂತ ಮೊದಲು ಬರುತ್ತದೆ. ‘ಮರ’ ಕಷ್ಟ. ಒಂದು ಕೈ ಅಡ್ಡ, ಅದರ ಮೇಲೆ ಇನ್ನೊಂದರ ಮೊಣಕೈ, ಎರಡು ಕೈಗೂ ಬೇರೆ ಬೇರೆ ಕೆಲಸ. ಸಣ್ಣ ಮಕ್ಕಳು ಬರೀ ಒಂದು ತೋಳು ಎತ್ತುತ್ತಾರೆ. ಅದನ್ನೇ ‘ಮರ’ ಎಂದು ಒಪ್ಪಿಕೊಳ್ಳಬೇಕು, ಆದರೆ ದೊಡ್ಡವರು ಸನ್ನೆಯನ್ನು ಪೂರ್ತಿಯಾಗಿಯೇ ಮಾಡುತ್ತಿರಬೇಕು.

ಕಥೆಯ ಪಠ್ಯ

ಹೆಚ್ಚು ಹೊತ್ತು ಹಿಡಿದದ್ದು ಇದು. ಮೂರನೇ ಪುಟ ಮೊದಲ ಕರಡಿನಲ್ಲಿ ಹೀಗಿತ್ತು:

“ಇಲಿಮರಿ ಮರದ ಕೆಳಗೆಲ್ಲ ಹುಡುಕಿತು, ಆದರೆ ಅದರ ಕೆಂಪು ಟೋಪಿ ಅಲ್ಲೆಲ್ಲೂ ಸಿಗಲಿಲ್ಲ.”

ಕಿವಿಗೆ ಚೆಂದ, ಕೈಗೆ ಅಲ್ಲ. ಮಗುವಿಗೆ ತಲುಪಬೇಕಾದ ಸುದ್ದಿ ‘ಇಲ್ಲ’ ಎಂಬುದು. ಅದು ‘ಸಿಗಲಿಲ್ಲ’ದ ಬಾಲದಲ್ಲಿ ಸೇರಿಕೊಂಡಿದೆ. ಕೈ ಎತ್ತುವಷ್ಟರಲ್ಲಿ ವಾಕ್ಯವೇ ಮುಗಿದಿರುತ್ತದೆ, ಮಾತೊಂದು ಕಡೆ ಸನ್ನೆಯೊಂದು ಕಡೆ. ಈಗಿನ ಪಠ್ಯ ಕೆಳಗಿದೆ, ಅದರಲ್ಲಿ ಸನ್ನೆಯ ಪದಗಳು ‘ಟೋಪಿ’, ‘ಎಲ್ಲಿ’, ‘ಮರ’, ‘ನೋಡು’, ‘ಇಲ್ಲ’:

“ಟೋಪಿ ಎಲ್ಲಿ? ಮರದ ಕೆಳಗೆ ನೋಡು. ಅಯ್ಯೋ… ಇಲ್ಲ!”

ನಿಷೇಧ ಬಿಡಿ ಪದವಾಗಿ ನಿಂತಿತು, ಮುಂಚೆ ಉಸಿರಾಡುವಷ್ಟು ಜಾಗವೂ ಸಿಕ್ಕಿತು. ‘ಮರದ’ ಎನ್ನುವಲ್ಲಿ ‘ಮ’ ಜೊತೆಗೇ ಕೈ ಏಳಬೇಕು, ‘ದ’ ಮುಗಿಯುವವರೆಗೆ ನಿಲ್ಲಬೇಕು. ‘ಟೋಪಿ ಎಲ್ಲಿ?’ ಪ್ರತಿ ಪುಟದಲ್ಲೂ ಹಾಗೇ ಮರುಕಳಿಸುತ್ತದೆ. ದೊಡ್ಡವರಿಗೆ ಬೇಸರ ಬಂದೀತು, ಮಗುವಿಗೆ ಹಿಡಿಯಲು ಸಿಗುವ ಕೊಂಡಿಯೇ ಅದು.

ಈ ಸನ್ನೆಗಳನ್ನೆಲ್ಲ ಮೊದಲ ದಿನವೇ ಮಾಡಬೇಕಿಲ್ಲ. ಇನ್ನೂ ಸನ್ನೆ ಮಾಡದ ಮಗುವಿಗೆ ವಾಕ್ಯಕ್ಕೊಂದು ಸಾಕು. ಒಂಟಿ ಸನ್ನೆ ಮಾಡುವ ಮಗುವಿಗೆ ಎರಡು. ಮಗು ಇರುವ ಮೆಟ್ಟಿಲಿಗಿಂತ ಒಂದೇ ಮೆಟ್ಟಿಲು ಮೇಲೆ.

ಓದುವಾಗ

ಪುಸ್ತಕ ಕೈಯಲ್ಲಿದ್ದರೆ ಸನ್ನೆಗೆ ಒಂದೇ ಕೈ ಉಳಿಯುತ್ತದೆ, ‘ಮರ’ ಅಲ್ಲೇ ಕೆಟ್ಟಿತು. ಪುಸ್ತಕವನ್ನು ಸ್ಟ್ಯಾಂಡಿಗೆ ಒರಗಿಸಿ, ಮಗುವಿನ ಎದುರು ಅದರ ಕಣ್ಣಿನ ಮಟ್ಟಕ್ಕೆ ಕೂರಬೇಕು. ಕಿಟಕಿ ಬೆನ್ನ ಹಿಂದಿದ್ದರೆ ಮುಖವೂ ಕೈಯೂ ಕಪ್ಪು ನೆರಳಾಗುತ್ತವೆ. ಪಟ್ಟೆಪಟ್ಟೆ ಅಂಗಿಯ ಮುಂದೆ ಬೆರಳು ಎದ್ದು ಕಾಣುವುದಿಲ್ಲ. ಪಠ್ಯ ಬಾಯಿಪಾಠವಾಗಿರಲಿ, ಇಲ್ಲದಿದ್ದರೆ ಓದುವವರ ತಲೆ ಪುಟದ ಮೇಲೆಯೇ ಬಗ್ಗಿರುತ್ತದೆ.

ಮಗು ಚಿತ್ರ ನೋಡುತ್ತಿರುವಾಗ ಎದೆಯ ಮುಂದೆ ಮಾಡಿದ ಸನ್ನೆ ವ್ಯರ್ಥ. ಅದು ತಲೆ ಎತ್ತುವವರೆಗೆ ಕಾಯಿರಿ, ಇಲ್ಲವೇ ಕೈಯನ್ನೇ ಚಿತ್ರದ ಪಕ್ಕಕ್ಕೆ ಒಯ್ಯಿರಿ. ಮುಖ ನೋಡಲು ಇಷ್ಟಪಡದ ಮಕ್ಕಳಿಗೆ ಎರಡನೆಯದೇ ವಾಸಿ. ‘ಟೋಪಿ ಎಲ್ಲಿ?’ ಎಂದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಪುಟ ತಿರುಗಿಸಬೇಕು. ಹೆಚ್ಚಿನವರು ಮೂರಕ್ಕೇ ಸೋಲುತ್ತಾರೆ. ನಾಲ್ಕೋ ಐದೋ ಎಣಿಸುವಾಗ ಮಗುವಿನ ಕೈ ಮೊಣಕಾಲಿನಿಂದ ಏಳಲು ಶುರುವಾಗಿರುತ್ತದೆ, ಅಷ್ಟರಲ್ಲಿ ಪುಟ ತಿರುಗಿದರೆ ಅದು ಮತ್ತೆ ಇಳಿದುಬಿಡುತ್ತದೆ.

ಮಗು ತಲೆ ತಟ್ಟಿದರೆ “ಹೌದು, ಟೋಪಿ! ಇಲಿಯ ಟೋಪಿ” ಎಂದು ಸರಿಯಾದ ಸನ್ನೆಯೊಂದಿಗೆ ಹೇಳಿ ಕಥೆ ಮುಂದುವರಿಸಿ. “ಟೋಪಿ ಮಾಡಿ ತೋರಿಸು” ಎನ್ನಬೇಡಿ, ಕಥೆ ಅಲ್ಲಿಗೆ ಪರೀಕ್ಷೆಯಾಗುತ್ತದೆ. ಅದರ ಕೈ ಹಿಡಿದು ಮಾಡಿಸುವುದೂ ಬೇಡ.

ಹಾಡು

“ಗಾಳಿ ಬಂತು, ಟೋಪಿ ಹಾರ್ತು
ಎಲ್ಲಿ ಹೋಯ್ತು, ಎಲ್ಲಿ ಹೋಯ್ತು?
ಮರದ ಮೇಲೆ? ಇಲ್ಲ, ಇಲ್ಲ
ಬೆಕ್ಕು ಮಲಗಿದೆ, ಸದ್ದೇ ಇಲ್ಲ”

ಸಾಲಿಗೆ ಎಂಟು ಬಡಿತ, ಹೆಚ್ಚೆಂದರೆ ಎರಡು ಸನ್ನೆ. ನಿಮಿಷಕ್ಕೆ 100 ಬಡಿತದಲ್ಲಿ ಹಾಡಿದರೆ ಒಂದು ಬಡಿತಕ್ಕೆ ಸಿಗುವುದು 0.6 ಸೆಕೆಂಡ್, ಸನ್ನೆಯನ್ನು ಮಗು ಕಣ್ಣಲ್ಲಿ ಹಿಡಿಯುವ ಮೊದಲೇ ಅದು ಮುಗಿದಿರುತ್ತದೆ. 70ಕ್ಕೆ ಇಳಿಸಿದ ಮೇಲೆ ಎರಡು ಬಡಿತ ಸೇರಿ ಸುಮಾರು 1.7 ಸೆಕೆಂಡ್ ಸಿಕ್ಕಿತು, ಕೈ ಏರಿ, ನಿಂತು, ಇಳಿಯಲು ಸಾಕು. ರೆಕಾರ್ಡಿಂಗ್ ಕೈಬಿಟ್ಟು ಬಾಯಲ್ಲೇ ಹಾಡುವುದು ಎಂದು ತೀರ್ಮಾನ. ರೆಕಾರ್ಡಿಂಗ್ ಮಗುವಿಗಾಗಿ ಕಾಯುವುದಿಲ್ಲ. ಮೂರನೇ ಸಾಲಿನಲ್ಲಿ ‘ಮರದ ಮೇಲೆ?’ ಎಂದು ನಿಲ್ಲಿಸಿ, ‘ಇಲ್ಲ’ವನ್ನು ಮಗುವಿಗೆ ಬಿಡಬೇಕು. ಎರಡು ‘ಇಲ್ಲ’ಕ್ಕೆ ಎರಡು ಸಲ ಕೈ ಬೀಸಿದರೆ ಗಲಿಬಿಲಿ, ಒಂದೇ ನಿಧಾನದ ಬೀಸು ಸಾಕು.

‘ಟೋಪಿ ಹಾರ್ತು’ ಎನ್ನುವಾಗ ಕೈಯನ್ನು ತಲೆಯಿಂದ ಹಾರಿಸುವ ಆಸೆ ಎಲ್ಲರಿಗೂ ಆಗುತ್ತದೆ. ಮಾಡಿದರೆ ಮಗು ಕಲಿಯುವ ‘ಟೋಪಿ’ ಆಮೇಲೆ ಸದಾ ಹಾರುವ ಟೋಪಿ. ಅಭಿನಯ ಬೇರೆ, ಸನ್ನೆ ಬೇರೆ. ಹಾರಾಟವೆಲ್ಲ ಕೊನೆಯ ಸುತ್ತಿಗೆ, ಎದ್ದು ಕುಣಿಯುವಾಗ.

ಪರೀಕ್ಷೆ, ದಾಖಲೆ

ಓದುವವರ ವಿಡಿಯೋ ತೆಗೆದು ಸದ್ದು ಪೂರ್ತಿ ಆರಿಸಿ ನೋಡುವುದು ಅಗ್ಗದ, ನಿಷ್ಠುರದ ಪರೀಕ್ಷೆ. ಯಾವ ಪುಟ ಎಂಬುದು ಕೈಯಿಂದಲೇ ತಿಳಿಯದಿದ್ದರೆ ಸನ್ನೆ ತೊಡೆಯ ಮಟ್ಟಕ್ಕೆ ಇಳಿದಿದೆ ಅಥವಾ ಅರ್ಧಕ್ಕೆ ನಿಂತಿದೆ.

ಮಗುವಿನ ದಾಖಲೆ ಹಾಳೆಯಲ್ಲಿ ಪ್ರತಿ ಸನ್ನೆಗೆ ನಾಲ್ಕು ಕಲಂ: ನೋಡಿ ಮಾಡಿದ್ದು, ಕಾದಾಗ ಮಾಡಿದ್ದು, ತಾನಾಗಿ ಮಾಡಿದ್ದು, ಕಥೆಯ ಹೊರಗೆ ಮಾಡಿದ್ದು. ನಿಜವಾದ ಲೆಕ್ಕ ನಾಲ್ಕನೆಯದು. ಮೊದಲೆರಡು ತುಂಬಿ ನಾಲ್ಕನೆಯದು ಖಾಲಿ ಇದ್ದರೆ ಸನ್ನೆ ಪುಸ್ತಕಕ್ಕೆ ಅಂಟಿಕೊಂಡಿದೆ ಎಂದರ್ಥ. ಹೊರಗೆ ಹೊರಡುವಾಗ ನಿಜವಾದ ಟೋಪಿ ಹಾಕುತ್ತ ಅದೇ ಸನ್ನೆ ಮಾಡಬೇಕು, ಮಲಗಿಸುವಾಗ ‘ಮಲಗು’.

ಬಾಕಿ: ಐದನೇ ಪುಟದ ಚಿತ್ರದಲ್ಲಿ ಹಿನ್ನೆಲೆ ವಿಪರೀತ, ಮರವೊಂದನ್ನು ಉಳಿಸಿ ಉಳಿದದ್ದನ್ನು ಅಳಿಸಬೇಕು. ನೀಲಿ ಟೋಪಿಯ ಇನ್ನೊಂದು ಇಲಿ ಬರುವ ಮುಂದುವರಿದ ಭಾಗ ಬರೆಯಬೇಕು. ‘ಕೆಂಪು’ ಸನ್ನೆ ಅಲ್ಲಿ ವಾಪಸ್ ಬರುತ್ತದೆ.